ಯರಗಟ್ಟಿಯ ಹಡಗಿಗೆ ಟೆಂಪರರಿ ಕಾಗದ

ಕೆಲಸ ಬಿಟ್ಟ ಮೇಲೆ ನನಗೆ ಮಧ್ಯಾಹ್ನಗಳು ಬಹಳ ಉದ್ದವಾಗಿವೆ. ರೊಟ್ಟಿ ಬಡಿದು, ಒಣಗಿದ ಬಟ್ಟೆ ಮಡಿಚಿಟ್ಟು, ಕುಂಡದ ಗಿಡಕ್ಕೆ ನೀರು ಹಾಕಿದರೂ ಹೊತ್ತು ಸರಿಯುವುದಿಲ್ಲ. ಅಷ್ಟರಲ್ಲಿ ಅಂಗಡಿಯಿಂದ ಫೋನ್ ಬರುತ್ತದೆ. ನನ್ನ ಕುರ್ಚಿಯಲ್ಲಿ ಈಗ ಕೂತಿರುವ ಹುಡುಗಿ ಕೇಳುತ್ತಾಳೆ: "ಅಕ್ಕಾರ, ಕಂಪ್ಯೂಟರ್ ಮುಂದಕ್ಕ ಹೋಗವಲ್ದು. ಏನ ಮಾಡ್ಲಿ?" ಚಹಾ ಕುಡಿದು ಬಾ ಅನ್ನುತ್ತೇನೆ. ಅವಳು ಅದನ್ನು ಚೇಷ್ಟೆ ಅಂದುಕೊಂಡಿದ್ದಾಳೆ. ಅದು ಚೇಷ್ಟೆಯಲ್ಲ, ನನ್ನ ಇಡೀ ವೃತ್ತಿಯ ಸಾರ. ಅದನ್ನು ಫೋನಿನಲ್ಲಿ ಹೇಳಿ ಮುಗಿಸಲು ಆಗದ್ದಕ್ಕೆ ಬರೆಯಲು ಕೂತಿದ್ದೇನೆ.

ಬೈಲಹೊಂಗಲದಲ್ಲಿ ನಮ್ಮದು ವಾಹನಗಳ ಕಾಗದಪತ್ರ ಮಾಡಿಸಿಕೊಡುವ ಅಂಗಡಿ. ನಮ್ಮದು ಅಂದರೆ ದೇಶಪಾಂಡೆ ಕಾಕಾ ಅವರದು. ನಾನು ಟೈಪ್ ಮಾಡಲು ಸೇರಿದವಳು; ಬರಬರುತ್ತ ಫೈಲು ಕಟ್ಟುವುದು, ಮಂದಿಯನ್ನು ಸಮಾಧಾನ ಮಾಡುವುದು, ಕಾಕಾರನ್ನು ಸಮಾಧಾನ ಮಾಡುವುದು ಎಲ್ಲ ನನ್ನ ಪಾಲಿಗೆ ಬಂತು. ನಮ್ಮ ಮುಖ್ಯ ಕಸುಬು ಟೆಂಪರರಿ. ಹೊಸ ಟ್ರ್ಯಾಕ್ಟರು ಅಂಗಡಿಯಿಂದ ಹೊರಬಿದ್ದ ಮೇಲೆ ಕಾಯಂ ನಂಬರು ಸಿಗುವ ತನಕ ರಸ್ತೆಯ ಮೇಲೆ ಓಡಾಡಲು ಒಂದು ತಾತ್ಕಾಲಿಕ ನೋಂದಣಿ ಬೇಕಲ್ಲ, ಅದು. ಮನುಷ್ಯ ಹುಟ್ಟಿ ಹೆಸರಿಡುವ ತನಕ ಕೂಸು ಅನ್ನುತ್ತೇವಲ್ಲ, ಹಾಗೆ.

ಆಗ ಅರ್ಜಿಯ ಜೊತೆ ಚಾಸಿ ನಂಬರಿನ ಅಚ್ಚು ಇಡಬೇಕಿತ್ತು. ಕಬ್ಬಿಣದಲ್ಲಿ ಕೊರೆದ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದರೆ ಅದು ಮೂಡುತ್ತದೆ. ಆದರೆ ನಮ್ಮ ಸೀಮೆಯ ರೈತ ಗಾಡಿಯನ್ನು ನನ್ನ ಹತ್ತಿರ ತರುವ ಮೊದಲು ಪೂಜೆ ಮುಗಿಸಿಯೇ ಬರುತ್ತಾನೆ. ಸವದತ್ತಿ ಕಡೆಯ ಹಿರಿಯರೊಬ್ಬರು ಗಾಡಿಗೆ ಎಲ್ಲಿಯೂ ಬಿಡದ ಹಾಗೆ ಅರಿಷಿಣ ಕುಂಕುಮ ಬಳಿದು ತಂದಿದ್ದರು. ನಾನು ಬಟ್ಟೆ ತಗೊಂಡು ಬಗ್ಗಿದೆ.

"ಕುಂಕುಮ ಒರಸ್ಬ್ಯಾಡ್ರಿ ಯವ್ವಾ, ಹೊಸಾ ಗಾಡಿ ಐತಿ. ನಂಬರ ನಾ ಬಾಯಿಲೆ ಹೇಳತೇನಿ, ಬರಕೋರಿ."

ಕುಂಕುಮದ ಮೇಲೆಯೇ ಕಾಗದ ಇಟ್ಟು ತಿಕ್ಕಿದೆ. ಅಚ್ಚು ಕೆಂಪಗೆ ಬಂತು, ಒಂದು ಅಂಕಿಯೂ ಕಾಣಲಿಲ್ಲ. ಆಗಿನ ಸಾಹೇಬರು ದೈವಭಕ್ತರು. ಆ ಕಾಗದವನ್ನು ಕಣ್ಣಿಗೆ ಒತ್ತಿಕೊಂಡು ಸಹಿ ಮಾಡಿದರು.

ಕಾಕಾ ಕಿತ್ತೂರಿನವರು, ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದರು. ಅವರ ಮನೆತನದಲ್ಲಿ ಪೌರೋಹಿತ್ಯ ನಡೆದು ಬಂದಿತ್ತು. ಕಾಕಾ ಮಂತ್ರ ಬಿಟ್ಟು ಅರ್ಜಿ ಹಿಡಿದರು, ಆದರೆ ಧಾಟಿ ಬಿಡಲಿಲ್ಲ. ಅರ್ಜಿಯ ಒಂದೊಂದು ಕಾಲಮ್ಮನ್ನೂ ಸ್ವರ ಎತ್ತಿ ಓದುವರು, ನಾನು ಟೈಪ್ ಮಾಡುವೆ. "ಅರ್ಜಿ ಅಂದ್ರ ನೈವೇದ್ಯ ಇದ್ದಂಗ, ನಿರ್ಮಲಾ," ಎಂದು ಮೊದಲ ವಾರವೇ ಹೇಳಿಕೊಟ್ಟಿದ್ದರು. "ದೇವರು ತಿನ್ನೂದಿಲ್ಲ. ಆದ್ರ ಎಲಿ ಮ್ಯಾಲೆ ಉಪ್ಪು ಎಲ್ಲಿ ಬಡಸಬೇಕೋ ಅಲ್ಲೇ ಬಡಸಬೇಕು."

ಟೈಪ್‌ರೈಟರಿನ ಕಾಲದಲ್ಲಿ ಉತ್ತರ ಗೊತ್ತಿಲ್ಲದಿದ್ದರೆ ಅಡ್ಡ ಗೀಟು ಎಳೆಯುತ್ತಿದ್ದೆವು. ಗೀಟಿಗೆ ಬಹಳ ಮರ್ಯಾದೆ ಇತ್ತು. ಕಂಪ್ಯೂಟರು ಬಂದ ಮೇಲೆ ಗೀಟಿನ ರಾಜ್ಯ ಮುಗಿಯಿತು. ಪಟ್ಟಿಯಲ್ಲಿ ಇದ್ದುದರಲ್ಲಿ ಒಂದನ್ನು ಆರಿಸಲೇಬೇಕು. ನಿಮ್ಮ ಪರಿಸ್ಥಿತಿ ಪಟ್ಟಿಯಲ್ಲಿ ಇಲ್ಲದಿದ್ದರೆ ನೀವು ಪರಿಸ್ಥಿತಿಯನ್ನು ಬದಲಿಸಿಕೊಳ್ಳಬೇಕು. ಇದರ ಪೂರ್ತಿ ಅರ್ಥ ನನಗೆ ತಿಳಿದದ್ದು ಕೆಲಸದ ಕೊನೆಕೊನೆಗೆ, ಗೌತಮ ಮತ್ತು ಸುನೀತಾ ಬಂದಾಗ.

ಬಿಸಿಲು ಚುರುಗುಟ್ಟುತ್ತಿತ್ತು. ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು.

"ಅಕ್ಕಾರ, ಟೆಂಪರರಿ ಮಾಡಸೂದಿತ್ತರಿ," ಅಂದ ಗೌತಮ.

"ಯಾವ ಕಂಪನಿ ಟ್ರ್ಯಾಕ್ಟರ್?" ನಾನು ತಲೆ ಎತ್ತಲಿಲ್ಲ.

"ಟ್ರ್ಯಾಕ್ಟರ್ ಅಲ್ರಿ. ಹಡಗ."

ಕಾಕಾ ಪೇಪರ್ ಕೆಳಗಿಟ್ಟರು. "ಎಲ್ಲಿ ನಿಂತದ?"

"ಯರಗಟ್ಟಿ ಒಳಗರಿ. ಮಲ್ಲೇಶಪ್ಪನ ವೆಲ್ಡಿಂಗ್ ಅಂಗಡಿ ಮುಂದ."

"ಹೊಳಿನೂ ಇಲ್ಲ, ಕೆರಿನೂ ಇಲ್ಲ, ಪ್ಯಾಟಿ ನಡುವ ಹಡಗ. ಛಲೋ ಜಾಗಾ ಹುಡಿಕೀರಿ."

"ನಗಬ್ಯಾಡ್ರಿ ಕಾಕಾರ," ಅಂದಳು ಸುನೀತಾ. "ಕಾಗದ ಆಗಲಿಲ್ಲಂದ್ರ ನಮ್ಮ ಘಾಟ್ ಹೊರಗಿನವ್ರ ಪಾಲಾಗತೈತಿ."

ಕಾಕಾ ನಗುವುದನ್ನು ಬಿಟ್ಟು ಅವರಿಗೆ ಕುರ್ಚಿ ಸರಿಸಿದರು.

ಗೌತಮ ಮಲಪ್ರಭೆಯ ಹಿನ್ನೀರಿನಲ್ಲಿ ಯಾರದೋ ಕಟ್ಟಿಗೆಯ ದೋಣಿಗೆ ಹುಟ್ಟು ಹಾಕಿಕೊಂಡು ಬಂದವನು. ಈ ದಂಡೆಯ ಹೆಣ್ಣುಮಕ್ಕಳು ಆ ದಂಡೆಗೆ ಹತ್ತಿ ಕಳೆ ತೆಗೆಯಲು ಹೋಗಬೇಕು. ಆ ದಂಡೆಯ ಹುಡುಗರು ಸವದತ್ತಿ ಕಾಲೇಜಿಗೆ ಬರಬೇಕು, ಹಾಲಿನ ಕ್ಯಾನುಗಳು ಡೇರಿಗೆ ಬರಬೇಕು. ರಸ್ತೆ ಹಿಡಿದು ಸುತ್ತಿ ಬಂದರೆ ಅರ್ಧ ದಿನ ಅಲ್ಲಿಗೇ ಹೋಗುತ್ತದೆ. ಈಗ ಹೊಸ ಆಜ್ಞೆ ಬಂದಿತ್ತು: ಇನ್ನು ಮೇಲೆ ಈ ಘಾಟಿನಲ್ಲಿ ಮಂದಿ ದಾಟಿಸಲು ನೋಂದಣಿಯಾದ ಎಂಜಿನ್ ದೋಣಿಗೆ ಮಾತ್ರ ಪರವಾನಿಗೆ, ಅದೂ ಒಬ್ಬರಿಗೆ. ಹೊರಗಿನ ಒಂದು ಪಾರ್ಟಿ ಕಾಗದಪತ್ರ ಸಮೇತ ತಯಾರಾಗಿ ನಿಂತಿತ್ತು. ಗಂಡ ಹೆಂಡತಿ ಕೂಡಿ ಸ್ವಂತ ದೋಣಿ ಕಟ್ಟಿಸಿದ್ದರು. ಅದಕ್ಕೆ ಕಾಗದ ಬಾರದೆ ಹೋದರೆ ಗೌತಮ ತಾನು ಮಂದಿಯನ್ನು ದಾಟಿಸುತ್ತ ಬಂದ ನೀರಿನ ದಂಡೆಯ ಮೇಲೆ ಕೈ ಕಟ್ಟಿಕೊಂಡು ಕೂರಬೇಕಿತ್ತು.

ಮರುದಿನ ನಾನೂ ಕಾಕಾನೂ ಯರಗಟ್ಟಿಗೆ ಹೋದೆವು. ನಾನು ಡಬ್ಬಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೆ. ಹೊಸ ನಮೂನೆಯ ಫೈಲಿಗೆ ಹೋಗುವಾಗ ಊಟ ಜೊತೆಗಿರಬೇಕು, ಎಲ್ಲಿ ಸಿಕ್ಕಿಬೀಳುತ್ತೇವೋ ಹೇಳಲಾಗದು.

ಮಲ್ಲೇಶಪ್ಪ ಟ್ರ್ಯಾಕ್ಟರಿನ ಟ್ರಾಲಿ ಕಟ್ಟುವುದರಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಹೆಸರಾದವನು. ಅವನು ಕಟ್ಟಿದ ಹಡಗು ಎರಡು ತುಂಡಿನದು. ಹಿಂದೆ ತಗಡಿನ ಉದ್ದನೆಯ ದೋಣಿ, ಎರಡೂ ಬದಿಗೆ ಕೂರುವ ಬೆಂಚು. ಮುಂದೆ ಡ್ರಮ್ಮುಗಳ ಮೇಲೆ ತೇಲುವ ಒಂದು ಚಿಕ್ಕ ಅಟ್ಟ. ಅದರ ಮೇಲೆ ಎಂಜಿನ್, ಸ್ಟೇರಿಂಗು, ಹಳೆಯ ಟ್ರ್ಯಾಕ್ಟರಿನಿಂದ ಬಿಚ್ಚಿದ ಕಬ್ಬಿಣದ ಸೀಟು. ಎರಡನ್ನೂ ಒಂದು ಸರಳಿನಿಂದ ಜೋಡಿಸಿ ಪಿನ್ನು ಹಾಕಿದ್ದ.

"ಎಂಜಿನ್ ಯಾಕ ಬ್ಯಾರೆ ಮಾಡೀರಿ?" ಕೇಳಿದೆ.

"ಬ್ಯಾರೇನ ಇರಬೇಕಲ್ರಿ ಅಕ್ಕಾರ. ಟ್ರ್ಯಾಕ್ಟರ್ ಬ್ಯಾರೆ, ಟ್ರಾಲಿ ಬ್ಯಾರೆ. ನಾಳೆ ಎಂಜಿನ್ ಕೆಟ್ರ ಪಿನ್ ತಗದು ಇನ್ನೊಂದು ಹಚ್ಚತಾರ. ಮಂದಿ ಕುಂತಲ್ಲೇ ಕುಂತಿರತಾರ."

ಇದು ನನಗೆ ಸರಿ ಅನ್ನಿಸಿತು, ಕಾಕಾರಿಗೂ ಸರಿ ಅನ್ನಿಸಿತು. ಸುತ್ತ ನಿಂತು ನೋಡುತ್ತಿದ್ದ ಯರಗಟ್ಟಿಯ ಮಂದಿಯಲ್ಲಿ ಒಬ್ಬರಿಗೂ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಸಂತೆಗೆ ಬಂದವರೊಬ್ಬರು ಒಂದೇ ಒಂದು ಸಂಶಯ ತೆಗೆದರು: "ಹಿಂದಿಂದು ಎತ್ತಿ ಸುರವಾಕ ಬರತೈತೇನ?"

"ಮಂದೀನ್ನ ಹೊಳ್ಯಾಗ ಸುರವಿ ಬರಬೇಕನ ಯಜಮಾನ್ರ?" ಅಂದ ಮಲ್ಲೇಶಪ್ಪ.

ಸುನೀತಾ ಆ ಕಬ್ಬಿಣದ ಸೀಟಿನ ಮೇಲೆ ಹತ್ತಿ ಕೂತಳು. ಅವಳ ತವರು ರಾಮದುರ್ಗದ ಕಡೆಯ ಸುರೇಬಾನ. ಮದುವೆಗೆ ಮೊದಲು ಅಪ್ಪನ ಟ್ರ್ಯಾಕ್ಟರಿನಲ್ಲಿ ಕಬ್ಬು ಹೇರಿಕೊಂಡು ಫ್ಯಾಕ್ಟರಿಗೆ ಹೋಗಿ ಬಂದವಳು. ಗೌತಮನಿಗೆ ನೀರು ಗೊತ್ತು, ಗಾಳಿ ಗೊತ್ತು, ಗೇರು ಮಾತ್ರ ಗೊತ್ತಿಲ್ಲ. "ನೀವು ಹಿಂದ ಮಂದೀನ್ನ ನೋಡ್ಕೋರಿ, ಮುಂದಿಂದು ನನಗ ಬಿಡ್ರಿ," ಎಂದು ಆಗಲೇ ಅವರಲ್ಲಿ ಮಾತಾಗಿತ್ತು. ಚಾಲನೆಯ ಪರೀಕ್ಷೆ ಕೊಡಲು ಇಬ್ಬರೂ ಕರಾವಳಿಗೆ ಹೋಗಿ, ಅವಳು ಸಲೀಸಾಗಿ, ಅವನು ಹೇಗೋ, ಪಾಸಾಗಿ ಬಂದಿದ್ದರು.

ದೋಣಿಗಳ ನೋಂದಣಿ ಮಾಡುವ ಕಚೇರಿ ಇರುವುದೂ ಅಲ್ಲೇ, ಕರಾವಳಿಯ ಒಂದು ಊರಿನಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿನ ಹೆಡ್ ಕ್ಲಾರ್ಕ್ ಸಭ್ಯಸ್ಥರು, ಇನ್ನೂ ಸರ್ವೀಸಿನಲ್ಲಿದ್ದಾರೆ. ಕಂಪ್ಯೂಟರಿನಲ್ಲಿ ಅರ್ಜಿ ತುಂಬುತ್ತ ಹೋದೆ. "ನೌಕೆ ಹೊರಡುವ ಬಂದರು" ಎಂಬಲ್ಲಿ ನಿಂತೆ. ಪಟ್ಟಿಯಲ್ಲಿ ದೇಶದ ಬಂದರುಗಳೆಲ್ಲ ಇದ್ದವು, ಯರಗಟ್ಟಿ ಇರಲಿಲ್ಲ. ಫೋನ್ ಮಾಡಿದೆ.

"ಹತ್ತಿರದ ಬಂದರು ಯಾವುದುಂಟೋ ಅದನ್ನು ಹಾಕಿ ಮೇಡಮ್," ಅಂದರು ಹೆಡ್ ಕ್ಲಾರ್ಕ್. "ನೌಕೆ ಯಾವ ಜಲಮಾರ್ಗದಲ್ಲಿ ಬರ್ತದೆ?"

"ಸವದತ್ತಿ ರಸ್ತೆದಾಗ ಬರತದರಿ."

"ಅದು ನದಿಯ ಹೆಸರಾ?"

"ಅಲ್ರಿ ಸರ್, ಡಾಂಬರ ರಸ್ತೆ. ಟ್ರ್ಯಾಕ್ಟರ್ ಮ್ಯಾಲೆ ಹೇರಕೊಂಡು ಒಯ್ಯತಾರ."

"ಪಟ್ಟಿಯಲ್ಲಿ ರಸ್ತೆ ಇಲ್ಲ. 'ಇತರ ಜಲಮಾರ್ಗ' ಅಂತ ಉಂಟಲ್ಲ, ಒತ್ತಿ."

ಒತ್ತಿದೆ. ಯರಗಟ್ಟಿಯ ಡಾಂಬರು ರಸ್ತೆ ಅವತ್ತಿನಿಂದ ಸರ್ಕಾರದ ದಾಖಲೆಯಲ್ಲಿ ಜಲಮಾರ್ಗ.

ಇನ್ನು ಕಟ್ಟಿದವನ ಪ್ರಮಾಣಪತ್ರ. ಮಲ್ಲೇಶಪ್ಪ ತನ್ನ ರೂಢಿಯ ಪ್ರಕಾರ ಎಂಜಿನ್ನಿಗೆ ಒಂದು, ದೋಣಿಗೆ ಒಂದು ಕೊಟ್ಟಿದ್ದ. "ಎರಡು ಪ್ರಮಾಣಪತ್ರ ಉಂಟಾದರೆ ಎರಡು ನೌಕೆ, ಎರಡು ಅರ್ಜಿ," ಎಂದರು ಹೆಡ್ ಕ್ಲಾರ್ಕ್. "ಪ್ರತಿ ನೌಕೆಗೂ ಒಬ್ಬ ಚಾಲಕ. ಒಬ್ಬನೇ ಎರಡು ನೌಕೆಯಲ್ಲಿ ಕೂರ್ಲಿಕ್ಕೆ ಆಗ್ತದಾ ಹೇಳಿ." ಅದೂ ಸರಿಯೇ. ಮುಂದಿನ ಅಟ್ಟಕ್ಕೆ ಸುನೀತಾ ಮಾಲೀಕಳು ಮತ್ತು ಚಾಲಕಿ, ಹಿಂದಿನ ದೋಣಿಗೆ ಗೌತಮ ಎಂದು ಬರೆದೆವು. ನೌಕೆಗೆ ಹೆಸರು ಕಡ್ಡಾಯ. ಗೌತಮ ತನ್ನದಕ್ಕೆ ಮಗಳ ಹೆಸರು, ಪ್ರಜ್ಞಾ ಎಂದು ಇಟ್ಟ.

"ನಿಂದಕ್ಕ ಏನಂತ ಇಡೂದವ್ವಾ?" ಕಾಕಾ ಕೇಳಿದರು.

"ಸುನೀತಾ."

"ನಿನ್ನ ಹೆಸರ ಅಲ್ಲ, ಹಡಗಿಂದು."

"ಹಡಗಿಂದ ಹೇಳಾಕತ್ತೇನಿ ಕಾಕಾರ. ಮತ್ಯಾರದ ಇಡಬೇಕು, ನಡಸೂದು ನಾ."

ಟೆಂಪರರಿ ಕಾಗದ ಎರಡೂ ಬಂದವು. ಎರಡನ್ನೂ ಹೇರಿದ ಟ್ರ್ಯಾಕ್ಟರು ಹಿನ್ನೀರಿನ ಕಡೆ ಹೊರಟಿತು. ದಾರಿಯಲ್ಲಿ ಪೊಲೀಸಪ್ಪ ಕೈ ಅಡ್ಡ ಮಾಡಿ ಕಾಗದ ಕೇಳಿದ. ಗೌತಮ ಟ್ರ್ಯಾಕ್ಟರಿನದು, ಟ್ರಾಲಿಯದು, ಎಂಜಿನ್ ಹಡಗಿನದು, ದೋಣಿಯದು ಎಂದು ಒಂದರ ಮೇಲೊಂದು ಕೊಟ್ಟ. ಪೊಲೀಸಪ್ಪ ಎಲ್ಲವನ್ನೂ ತಿರುವಿ ನೋಡಿ ಮರಳಿ ಕೊಟ್ಟ. "ನನ್ನ ನೌಕರಿ ಒಳಗ ಇಷ್ಟ ಬರೋಬರಿ ಇದ್ದ ಗಾಡಿ ನಿಲ್ಲಿಸಿಲ್ಲಪಾ. ಹೋಗ್ರಿ."

ನೀರಿಗೆ ಇಳಿಸಿದ ದಿನ ನಾವು ದಂಡೆಯ ಮೇಲಿದ್ದೆವು. ಸುನೀತಾ ಎಂಜಿನ್ ಚಾಲೂ ಮಾಡಿದಳು. ಮುಂದಿನದು ಎಳೆಯಿತು, ಹಿಂದಿನದು ಹಿಂಬಾಲಿಸಿತು. ಕಬ್ಬಿನ ಟ್ರಾಲಿ ತಿರುಗಿಸುವ ಹಾಗೆ ಅಗಲವಾಗಿ ಸುತ್ತು ಹೊಡೆದು ದಂಡೆಗೆ ತಂದು ನಿಲ್ಲಿಸಿದಳು. ಮಲ್ಲೇಶಪ್ಪ ಪಿನ್ನಿನ ಕಡೆ ಬೆರಳು ಮಾಡಿ ಎಲ್ಲರಿಗೂ ತೋರಿಸಿದ.

ಪರವಾನಿಗೆ ಕೊಡುವ ಕಚೇರಿಯಲ್ಲಿ ಈ ಸಂಭ್ರಮ ನಿಂತಿತು. ಅಲ್ಲಿನ ಗುಮಾಸ್ತ ಎರಡೂ ಕಾಗದವನ್ನು ಮೇಜಿನ ಮೇಲೆ ಹರವಿದ. "ನೋಡ್ರಿ, ಇದರಾಗ ಎಂಜಿನ್ ಐತಿ, ಮಂದಿ ಕೂಡಾಕ ಸೀಟಿಲ್ಲ. ಇದರಾಗ ಸೀಟ ಅದಾವ, ಎಂಜಿನ್ ಇಲ್ಲ. ಸೀಟ ಇದ್ದ ಎಂಜಿನ್ ದೋಣಿ ಒಂದ ಬೇಕಂತ ಆಜ್ಞಾದಾಗ ಬರದೈತಿ. ನೀವು ಎರಡು ತಂದೀರಿ, ಒಂದೂ ತಂದಿಲ್ಲ."

"ಎರಡೂ ಕೂಡೇ ಓಡತಾವರಿ ಸಾಹೇಬ್ರ, ಬಂದು ನೋಡ್ರಿ," ಅಂದ ಗೌತಮ.

"ನೀರಾಗ ಕೂಡತಾವ ಖರೆ. ಕಾಗದದಾಗ ಕೂಡಬೇಕಲ್ಲೋ ತಮ್ಮಾ."

ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಹೊರಗಿನ ಪಾರ್ಟಿಯ ಮನುಷ್ಯ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ. ನಮಗೂ ಚಹಾ ಹೇಳಿದ. ಗೆದ್ದವರು ಹೇಳುವ ಚಹಾ ಹೇಗಿರುತ್ತದೆ ಎಂದು ಈ ಕೆಲಸದಲ್ಲಿ ಇರುವವರಿಗೆ ಗೊತ್ತು. ಸಕ್ಕರೆ ಜಾಸ್ತಿ ಇರುತ್ತದೆ. ಗೌತಮ ಕುಡಿಯಲಿಲ್ಲ. ತಿಂಗಳ ಕೊನೆಯ ತನಕ ಗಡುವು ಸಿಕ್ಕಿತ್ತು, ಅಷ್ಟೇ.

ಪಿನ್ನು ತೆಗೆದು ಎರಡನ್ನೂ ಬೆಸೆಯಲು ಹೇಳಿದಾಗ ಮಲ್ಲೇಶಪ್ಪನ ಮುಖ ನೋಡಲು ಆಗುತ್ತಿರಲಿಲ್ಲ. "ಟ್ರ್ಯಾಕ್ಟರಿಗೆ ಟ್ರಾಲಿ ವೆಲ್ಡ್ ಮಾಡಿದ್ದ ಎಲ್ಲ್ಯಾರ ನೋಡೀರೇನ್ರಿ?" ಅಂದ. ಆದರೂ ಸುನೀತಾ ಎದುರಿಗೆ ನಿಂತಿದ್ದಳು, ಮಾಡಿಕೊಟ್ಟ. ಬೆಸುಗೆ ಗಟ್ಟಿಯಾಗಿ ಬಂತು. ಹಡಗು ಒಂದಾಯಿತು. ಕಾಗದ ಒಂದಾಗಬೇಕಿತ್ತು.

ಮತ್ತೆ ಕರಾವಳಿಗೆ ಫೋನ್.

"ಎರಡು ನೌಕೆ ಒಂದಾಗುವ ಕ್ರಮ ನಮ್ಮಲ್ಲಿ ಇಲ್ಲ ಮೇಡಮ್," ಅಂದರು ಹೆಡ್ ಕ್ಲಾರ್ಕ್. "ಒಂದು ಇರಬೇಕು, ಒಂದು ಹೋಗಬೇಕು. ಇದ್ದದ್ದಕ್ಕೆ ತಿದ್ದುಪಡಿ ಹಾಕಿ ಕಾಯಂ ಮಾಡಿಕೊಡುವ."

"ಹೋಗಬೇಕು ಅಂದ್ರ ಹೆಂಗರಿ?"

"ಪಟ್ಟಿಯಲ್ಲಿ ಮೂರು ಕಾರಣ ಉಂಟು. ಸುಟ್ಟುಹೋದದ್ದು, ಮುಳುಗಿಹೋದದ್ದು, ಪರದೇಶಕ್ಕೆ ಮಾರಿದ್ದು."

"ಯಾವುದು ಹೋಗಬೇಕ್ರಿ, ಮುಂದಿಂದೋ ಹಿಂದಿಂದೋ?"

"ಯಾವುದು ಹೋದರೂ ನಮ್ಮದೇನೂ ಅಡ್ಡಿಯಿಲ್ಲ."

ಗಂಡ ಹೆಂಡತಿಯನ್ನು ಕರೆಸಿ ವಿಷಯ ತಿಳಿಸಿದೆ. ಗಡುವು ಮುಗಿಯಲು ಬಂದಿತ್ತು. ಕಾಕಾ ಕಣ್ಣು ಮುಚ್ಚಿ ಯೋಚನೆ ಮಾಡಿದರು. "ಬೆಂಕಿ ಬ್ಯಾಡ, ಅಪಶಕುನ. ಪರದೇಶಕ್ಕ ಮಾರಿದ್ರ ಅಲ್ಲಿಂದ ರಸೀದಿ ತರಬೇಕಾಗ್ತದ. ಮುಳುಗಸೂದ ಛಲೋ. ನಿರ್ಮಲಾ, ಹಾಕು: ನೌಕೆಯ ಹೆಸರು, ಸುನೀತಾ. ಕಾರಣ, ಮುಳುಗಡೆ."

ನಾನು ಬೆರಳು ಎತ್ತಿದ್ದೆ.

"ತಡೀರಿ," ಅಂದಳು ಸುನೀತಾ. "ನಂದ ಯಾಕ ಮುಳಗಬೇಕ್ರಿ?"

ನಿಜ ಹೇಳಬೇಕೆಂದರೆ, ಯಾವುದು ಹೋದರೂ ನಡೆಯುತ್ತದೆ ಎಂದ ಮೇಲೆ ಅವಳದೇ ಯಾಕೆ ಎಂದು ನಾವು ಯಾರೂ ಯೋಚನೆಯನ್ನೇ ಮಾಡಿರಲಿಲ್ಲ.

"ಅಲ್ಲ, ಅದು ಬರೇ ಎಂಜಿನ್," ಅಂದ ಗೌತಮ ಮೆಲ್ಲಗೆ. "ಮಂದಿ ಕೂಡೂದು ನಂದರಾಗ. ಸೀಟ ಇಲ್ಲದ್ದು ಯಾವ ಹಡಗ?"

"ಎಂಜಿನ್ ಇಲ್ಲದ್ದು ಯಾವ ಹಡಗ್ರಿ? ದನಕ್ಕ ನೀರ ಕುಡಸೂ ಡೋಣಿ."

ಕಾಕಾ ನಡುವೆ ಬಂದರು. "ಕಾಗದಕ್ಕಷ್ಟ ತಂಗೀ. ಖರೇನ ಮುಳಗೂದಿಲ್ಲ."

"ಕಾಗದಕ್ಕಷ್ಟ ಅಂದ್ರ ಅವರದ ಮುಳಗಲೇಳ್ರಿ. ಪರವಾನಿಗಿ ಬರೂದು ಉಳದ ಹಡಗದ ಮಾಲಕರ ಹೆಸರಿಗೆ ಅಲ್ಲೇನು? ನಡಸೂದು ನಾ, ಪರೀಕ್ಷಾ ಪಾಸಾಗೇನಿ. ನಾಳೆ ಯಾರರ ಬಂದು, ಮುಳಗಿದ ಹಡಗದಾಕಿ ಇಲ್ಯಾಕ ಕುಂತಾಳ ಅಂದ್ರ ಏನ ಹೇಳಲಿ?" ಆಮೇಲೆ ಗಂಡನ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ. "ನೀವು ಮುಳಗ್ರಿ. ನಿಮಗ ಈಜಾಕ ಬರತೈತಿ, ನನಗ ಬರೂದಿಲ್ಲ."

ಗೌತಮ ನನ್ನನ್ನು ನೋಡಿದ, ಕಾಕಾರನ್ನು ನೋಡಿದ, ಕಡೆಗೆ ತನ್ನ ಕೈಗಳನ್ನು ನೋಡಿಕೊಂಡ. ಹುಟ್ಟು ಹಿಡಿದು ಹಿಡಿದು ಅಂಗೈಗಳು ಜಡ್ಡುಗಟ್ಟಿದ್ದವು. ಕಾಕಾ ಏನೋ ಹೇಳಲು ಬಾಯಿ ತೆರೆದರು. ನಾನು ಬೇಡ ಎಂದು ಸನ್ನೆ ಮಾಡಿದೆ. ಮೊದಲೇ ಹೇಳಿದೆನಲ್ಲ, ಇಂಥ ಹೊತ್ತಿನಲ್ಲಿ ಚಹಾ ಕುಡಿಯಬೇಕು. ತರಿಸಿದೆ, ನಾಲ್ವರೂ ಕುಡಿದೆವು. ಲೋಟ ಕೆಳಗಿಟ್ಟು ಗೌತಮ ಅಂದ: "ಬರೀರಿ ಅಕ್ಕಾರ. ಪ್ರಜ್ಞಾ ಮುಳಗಿತು."

ಮುಳುಗಿದ್ದಕ್ಕೆ ಊರ ಹಿರಿಯರ ಪಂಚನಾಮೆ ಬೇಕಿತ್ತು. ಪಂಚರನ್ನು ಕರೆದುಕೊಂಡು ದಂಡೆಗೆ ಹೋದೆವು. ಬಿಸಿಲು ಬಹಳ, ಸುತ್ತ ಕರಿ ಮಣ್ಣಿನ ರಾಡಿ, ಕೂರಲು ಒಣ ಜಾಗ ಇರಲಿಲ್ಲ. ಒಳ್ಳೆಯ ಬೆಂಚು, ಮೇಲೆ ತಾಡಪತ್ರಿಯ ನೆರಳು ಇದ್ದದ್ದು ಒಂದೇ ಕಡೆ. ಹೀಗಾಗಿ ಪಂಚರು ಮುಳುಗಿದ ಹಡಗಿನಲ್ಲಿಯೇ ಕೂತು, ಗಿರಮಿಟ್ಟು ಮೆಣಸಿನಕಾಯಿ ತಿನ್ನುತ್ತ, ಅದು ಮುಳುಗಿದ್ದನ್ನು ಕಣ್ಣಾರೆ ಕಂಡದ್ದಾಗಿ ಬರೆಸಿದರು.

"ಎಷ್ಟು ಆಳಕ್ಕ ಮುಳಗೇತಿ ಅಂತ ಕೇಳ್ಯಾರರಿ," ಅಂದೆ.

ಹಿರಿಯರೊಬ್ಬರು ಬೆಂಚಿನಿಂದ ಬಾಗಿ ನೀರಿಗೆ ಕೈ ಇಳಿಸಿದರು. "ಮೊಳಕೈ ತನಕ ಬರಕೋವಾ."

"ಜೀವಹಾನಿ?"

"ಇನ್ನೂ ಇಲ್ಲ," ಅಂದರು ಇನ್ನೊಬ್ಬರು. "ಈ ಮೆಣಸಿನಕಾಯಿ ಖಾರ ನೋಡಿದ್ರ ಆಗಬಹುದು."

ಸಹಿಗಳಾದವು. ಕರಾವಳಿಯ ಕಚೇರಿ ಒಂದೂ ಪ್ರಶ್ನೆ ಕೇಳದೆ ಒಪ್ಪಿಕೊಂಡಿತು. ನಮ್ಮ ವೃತ್ತಿಯಲ್ಲಿ ಖರೆ ಹೇಳಿದ ಅರ್ಜಿಗಳೇ ಮರಳಿ ಬಂದದ್ದು ಹೆಚ್ಚು. ಅಲ್ಲಿಂದ ಬಂದ ಪರೀಕ್ಷಕರು ಬೆಸುಗೆಯ ಮೇಲೆ ಸುತ್ತಿಗೆಯಿಂದ ಬಡಿದು ನೋಡಿದರು, ಮಂದಿಯನ್ನು ಕೂರಿಸಿ ಒಂದು ಸುತ್ತು ಹೋಗಿ ಬಂದರು. ಎಂಜಿನ್ ಹಡಗು 'ಸುನೀತಾ'ಗೆ ಸೀಟುಗಳನ್ನು ಸೇರಿಸಿ ಕಾಯಂ ನೋಂದಣಿ ಆಯಿತು. ಗಡುವಿನ ಕೊನೆಯ ದಿನ ಪರವಾನಿಗೆ ಅವಳ ಹೆಸರಿಗೆ ಬಂತು. ಕಪ್ಪು ಕನ್ನಡಕದವನು ಅವತ್ತು ಚಹಾ ಹೇಳಲಿಲ್ಲ.

ಕೆಲಸ ಬಿಟ್ಟ ಮೇಲೆ ಒಂದು ಸಲ ಸವದತ್ತಿಗೆ ಹೋದವಳು ಹಾಗೇ ಘಾಟಿನ ಕಡೆ ನಡೆದೆ. ಬೆಂಚು ತುಂಬ ಕಳೆ ತೆಗೆಯುವ ಹೆಣ್ಣುಮಕ್ಕಳು, ನಡುವೆ ಹಾಲಿನ ಕ್ಯಾನು. ಗೌತಮ ನನ್ನ ಕೈ ಹಿಡಿದು ಹತ್ತಿಸಿಕೊಂಡು ಒಂದು ಒಳ್ಳೆಯ ಜಾಗ ಮಾಡಿಕೊಟ್ಟ. ಪಕ್ಕದಲ್ಲಿ ಕೂತ ಪರವೂರಿನವರೊಬ್ಬರು ತಗಡನ್ನು ತಟ್ಟಿ ನೋಡಿ ಅವನನ್ನು ಕೇಳಿದರು: "ಭಾಳ ಗಟ್ಟಿ ಐತಲ್ಲ. ನಿಮ್ಮದೇನು?"

"ನಂದ ಮುಳಗೇತ್ರಿ," ಅಂದ ಗೌತಮ. "ಇದು ಆಕೀದು."

ಅವರು ಗಾಬರಿಯಾಗಿ ಬೆಂಚನ್ನು ಬಿಗಿಯಾಗಿ ಹಿಡಿದುಕೊಂಡರು. ಮುಂದಿನ ಕಬ್ಬಿಣದ ಸೀಟಿನಿಂದ ಸುನೀತಾ ಹಿಂದಕ್ಕೂ ತಿರುಗದೆ ಕೂಗಿ ಹೇಳಿದಳು:

"ಮುಳಗಿದ್ದರ ಕಥಿ ಆಮ್ಯಾಲೆ ಹೇಳೀರಂತ. ಮೊದಲ ಹಗ್ಗ ಬಿಚ್ಚ್ರಿ, ಕಾಲೇಜ ಹುಡುಗೂರು ಆ ಕಡೆ ನಿಂತಾವ."